ಶೂನ್ಯ ಕಾರ್ಬನ್ ಮನೆ: ಇಂಗ್ಲೆಂಡ್ ಕೈಬಿಟ್ಟ ನಿಯಮದ ಲೆಕ್ಕಪತ್ರ

2015ರ ಜುಲೈ 10ರಂದು ಬ್ರಿಟನ್ ಸರ್ಕಾರ ದೇಶದ ಉತ್ಪಾದಕತೆ ಹೆಚ್ಚಿಸುವ ಯೋಜನೆಯೊಂದನ್ನು ಪ್ರಕಟಿಸಿತು. ಹೆಸರು ‘ಫಿಕ್ಸಿಂಗ್ ದ ಫೌಂಡೇಷನ್ಸ್’. ಮುಂದಿಟ್ಟವರು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಮತ್ತು ವಾಣಿಜ್ಯ ಸಚಿವ ಸಾಜಿದ್ ಜಾವಿದ್. ಮನೆ ಕಟ್ಟುವವರ ಮೇಲಿನ ಹೊರೆ ಇಳಿಸುವ ಕ್ರಮಗಳ ನಡುವೆ ಒಂದು ಮಾತು ಸೇರಿತ್ತು: 2016ಕ್ಕೆ ಬರಬೇಕಿದ್ದ ಇಂಧನ ದಕ್ಷತೆಯ ಏರಿಕೆಯೂ ಬೇಡ, ಕಾರ್ಬನ್ ಸರಿದೂಗಿಸುವ ಶುಲ್ಕವೂ ಬೇಡ. ಹೊಸ ಮನೆಯ ಇಂಧನ ಬಳಕೆಯ ಕಾರ್ಬನ್ ಹೊಗೆ ವರ್ಷದ ಲೆಕ್ಕದಲ್ಲಿ ಸೊನ್ನೆಯಾಗಬೇಕೆಂಬ, ಒಂಬತ್ತು ವರ್ಷ ಸಿದ್ಧತೆ ನಡೆದಿದ್ದ ‘ಶೂನ್ಯ ಕಾರ್ಬನ್ ಮನೆ’ ನಿಯಮ ಹೀಗೆ ಜಾರಿಗೆ ಆರು ತಿಂಗಳಿರುವಾಗ ಬಿದ್ದುಹೋಯಿತು. ಇನ್ನೂರಕ್ಕೂ ಹೆಚ್ಚು ಸಂಸ್ಥೆಗಳು ವಿರೋಧಿಸಿ ಪತ್ರ ಬರೆದವು. ಅವುಗಳಲ್ಲಿ ಕಟ್ಟಡ ಉದ್ಯಮದವರೂ ಇದ್ದರು.

ಹಸಿರು ನಿಯಮ ಬಿಗಿಯಾದರೆ ಮನೆಗಳ ಸಂಖ್ಯೆ ಕುಸಿಯುತ್ತದೆ ಎಂಬ ವಾದ ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ. ಇಂಗ್ಲೆಂಡಿನಲ್ಲಿ ಅದನ್ನು ಅಂಕಿಗಳ ಮೇಲೆ ಪರೀಕ್ಷಿಸಬಹುದು. ನಿಯಮದ ಖರ್ಚು ಎಷ್ಟು, ಅದು ಯಾರ ಜೇಬಿನಿಂದ ಹೋಗಬೇಕಿತ್ತು, ರದ್ದಾದ ಮೇಲೆ ಯಾರ ತಲೆಗೆ ಬಂತು ಎಂಬುದೆಲ್ಲ ಇಲ್ಲಿ ತಕ್ಕಮಟ್ಟಿಗೆ ಗೊತ್ತಿದೆ.

ಒಂದೇ ವರ್ಷಕ್ಕೆ ಎರಡು ಗುರಿ

2006ರ ಡಿಸೆಂಬರಿನಲ್ಲಿ ಲೇಬರ್ ಸರ್ಕಾರ ಘೋಷಿಸಿದ್ದು ಇಷ್ಟು: 2016ರಿಂದ ಇಂಗ್ಲೆಂಡಿನಲ್ಲಿ ಕಟ್ಟುವ ಪ್ರತಿ ಹೊಸ ಮನೆಯೂ ಶೂನ್ಯ ಕಾರ್ಬನ್ ಆಗಿರಬೇಕು. ಏಳು ತಿಂಗಳ ನಂತರ, 2007ರ ಜುಲೈನಲ್ಲಿ, ಅದೇ ಸರ್ಕಾರ ವಸತಿ ಗುರಿಯನ್ನೂ ಇಟ್ಟಿತು: 2020ರೊಳಗೆ 30 ಲಕ್ಷ ಮನೆ, 2016ರ ಹೊತ್ತಿಗೆ ವರ್ಷಕ್ಕೆ 2.4 ಲಕ್ಷ. ಎರಡೂ ಗುರಿಗಳು 2016ರಲ್ಲೇ ಸಂಧಿಸುತ್ತಿದ್ದವು. ಅಂದು ಇವು ಒಂದಕ್ಕೊಂದು ಅಡ್ಡ ಎಂದು ಸರ್ಕಾರ ಭಾವಿಸಲಿಲ್ಲ. ಹತ್ತು ವರ್ಷ ಮೊದಲೇ ಹೇಳಿದರೆ ಉದ್ಯಮ ಹೊಂದಿಕೊಳ್ಳುತ್ತದೆ ಎಂಬುದೇ ಯೋಜನೆಯ ತಿರುಳು.

ಹಾದಿಯಲ್ಲಿ ಮೂರು ಮೆಟ್ಟಿಲು. ಇಂಧನ ಬಳಕೆಯನ್ನು ನಿಯಂತ್ರಿಸುವ ಕಟ್ಟಡ ನಿಯಮದ ಭಾಗಕ್ಕೆ ಅಲ್ಲಿ ‘ಪಾರ್ಟ್ ಎಲ್’ ಎನ್ನುತ್ತಾರೆ. 2006ರ ಪಾರ್ಟ್ ಎಲ್‌ಗೆ ಹೋಲಿಸಿ 2010ರಲ್ಲಿ ಶೇ. 25, 2013ರಲ್ಲಿ ಶೇ. 44 ಕಾರ್ಬನ್ ಇಳಿಯಬೇಕು, 2016ರಲ್ಲಿ ಶೂನ್ಯ ತಲುಪಬೇಕು. ಜೊತೆಗೆ ‘ಕೋಡ್ ಫಾರ್ ಸಸ್ಟೇನಬಲ್ ಹೋಮ್ಸ್’ ಎಂಬ ಆರು ಹಂತದ ಶ್ರೇಣಿ. ಮೂರನೇ ಹಂತಕ್ಕೆ ಶೇ. 25 ಇಳಿಕೆ ಮತ್ತು ತಲೆಗೆ ದಿನಕ್ಕೆ 105 ಲೀಟರ್ ನೀರಿನ ಮಿತಿ. ಆರನೇ ಹಂತಕ್ಕೆ ಪೂರ್ತಿ ಶೂನ್ಯ ಮತ್ತು 80 ಲೀಟರ್. ಸರ್ಕಾರದ ಅನುದಾನದಲ್ಲಿ ಕಟ್ಟುವ ಮನೆಗಳಿಗೆ 2008ರಿಂದಲೇ ಮೂರನೇ ಹಂತ ಕಡ್ಡಾಯವಾಯಿತು. ಅನುದಾನ ಪಡೆಯುವ ವಸತಿ ಸಂಘಗಳು ಖಾಸಗಿಯವರಿಗಿಂತ ಮೊದಲೇ ಈ ಮಟ್ಟದಲ್ಲಿ ಕಟ್ಟಿದವು.

ಮೊದಲ ಮೆಟ್ಟಿಲು ಹೇಳಿದಂತೆ 2010ರ ಅಕ್ಟೋಬರಿನಲ್ಲಿ ಬಂತು. ಎರಡನೆಯದು ಮುರಿಯಿತು. 2013ರ ತಿದ್ದುಪಡಿ ಜಾರಿಯಾದದ್ದು 2014ರ ಏಪ್ರಿಲ್ 6ರಂದು, ಇಳಿಕೆ 2010ರ ಮಟ್ಟದಿಂದ ಬರೀ ಶೇ. 6. ಎರಡನ್ನೂ ಸೇರಿಸಿದರೆ 2006ರಿಂದ ಸುಮಾರು ಶೇ. 29.5, ಮಾತು ಕೊಟ್ಟಿದ್ದು ಶೇ. 44.

‘ಶೂನ್ಯ’ ಸಣ್ಣದಾಗುತ್ತಾ ಬಂದದ್ದು

ಮೊದಲ ವ್ಯಾಖ್ಯೆ ನಿಜಕ್ಕೂ ಕಠಿಣವಾಗಿತ್ತು. ಕಾಯಿಸುವಿಕೆ, ಬಿಸಿನೀರು, ದೀಪ, ಫ್ಯಾನುಗಳಷ್ಟೇ ಅಲ್ಲ, ಟಿವಿ, ಫ್ರಿಜ್ಜು, ಅಡುಗೆಯ ವಿದ್ಯುತ್ತೂ ಸೇರಿ ವರ್ಷದ ಲೆಕ್ಕ ಶೂನ್ಯವಾಗಬೇಕು, ಅದೂ ಮನೆಯಲ್ಲೋ ನಿವೇಶನಕ್ಕೆ ನೇರವಾಗಿ ತಂತಿ ಎಳೆದ ಮೂಲದಲ್ಲೋ ಉತ್ಪಾದಿಸಿ. ಇದು ಎಲ್ಲೆಡೆ ಆಗುವ ಮಾತಲ್ಲ. ಆರು ಮಹಡಿಯ ಕಟ್ಟಡದಲ್ಲಿ 50 ಚದರ ಮೀಟರಿನ ಫ್ಲ್ಯಾಟಿಗೆ ಸಿಗುವ ಛಾವಣಿಯ ಪಾಲು ಸುಮಾರು 8 ಚದರ ಮೀಟರ್. ಲಿಫ್ಟ್ ಕೋಣೆ, ನೆರಳು, ಓಡಾಡುವ ಜಾಗ ಕಳೆದರೆ ಅರ್ಧ ಉಳಿಯುತ್ತದೆ. ಆ ಕಾಲದ ಸೋಲಾರ್ ಫಲಕಕ್ಕೆ ಕಿಲೋವ್ಯಾಟಿಗೆ 7 ಚದರ ಮೀಟರ್ ಬೇಕಿತ್ತು. ದಕ್ಷಿಣ ಇಂಗ್ಲೆಂಡಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ವರ್ಷಕ್ಕೆ 900 ಯೂನಿಟ್ ಆಸುಪಾಸು ಕೊಡುತ್ತದೆ. ಫ್ಲ್ಯಾಟಿನ ಪಾಲಿಗೆ ಬರುವುದು 500 ಯೂನಿಟ್. ಫ್ರಿಜ್ಜು, ಟಿವಿ, ದೀಪಗಳಿಗೂ ಅದು ಸಾಲದು. ಕೆಲವರು ಛಾವಣಿಯ ಮೇಲೆ ಪುಟ್ಟ ಗಾಳಿಯಂತ್ರ ಕೂರಿಸಿದರು. ಊರೊಳಗೆ ಮನೆಗಳ ನಡುವೆ ಗಾಳಿ ಸುಳಿಸುಳಿಯಾಗಿ ಬರುವುದರಿಂದ ಅವು ಹೆಸರಿಗಷ್ಟೇ ತಿರುಗಿದವು.

ಆದ್ದರಿಂದ ವ್ಯಾಖ್ಯೆ ಸಡಿಲಿಸಿದ್ದು ತಪ್ಪಲ್ಲ. 2011ರ ಬಜೆಟ್ಟಿನಲ್ಲಿ ಟಿವಿ, ಫ್ರಿಜ್ಜು, ಅಡುಗೆಯ ಬಳಕೆಯನ್ನು ಹೊರಗಿಟ್ಟರು. ಉಳಿದದ್ದಕ್ಕೆ ಮೂರು ಪದರದ ವ್ಯವಸ್ಥೆ ಬಂತು, ನಮ್ಮ ದೃಷ್ಟಿಯಲ್ಲಿ ಅದು ವಿವೇಕದ್ದೇ. ಮೊದಲು ಗೋಡೆ, ಕಿಟಕಿ, ಛಾವಣಿ: ಮನೆಯನ್ನು ಬೆಚ್ಚಗೆ ಅಥವಾ ತಂಪಾಗಿಡಲು ಬೇಕಾದ ಶಕ್ತಿ ಸಾಲುಮನೆಗಳ ನಡುವಿನ ಮನೆಗೂ ಫ್ಲ್ಯಾಟಿಗೂ ವರ್ಷಕ್ಕೆ ಚದರ ಮೀಟರಿಗೆ 39 ಯೂನಿಟ್, ಸಾಲಿನ ತುದಿಯ ಮನೆಗೂ ಬಿಡಿಮನೆಗೂ 46 ಯೂನಿಟ್ ದಾಟಬಾರದು. ಎರಡನೆಯದು ನಿವೇಶನದಲ್ಲೇ ಮುಟ್ಟಬೇಕಾದ ಕಾರ್ಬನ್ ಮಿತಿ: ಬಿಡಿಮನೆಗೆ ಚದರ ಮೀಟರಿಗೆ 10 ಕಿಲೋ, ಅಂಟಿಕೊಂಡ ಮನೆಗೆ 11, ಕಡಿಮೆ ಮಹಡಿಯ ಕಟ್ಟಡದ ಫ್ಲ್ಯಾಟುಗಳಿಗೆ 14. ಅದರ ಮೇಲೂ ಉಳಿದ ಹೊಗೆಗೆ ಹಣ ಕಟ್ಟಿದರೆ ಸಾಕು, ಆ ಹಣದಿಂದ ಬೇರೆ ಕಡೆ ಕಾರ್ಬನ್ ಇಳಿಸುತ್ತಾರೆ.

ಹಣ ಎಷ್ಟು? 76 ಚದರ ಮೀಟರಿನ ಮೂರು ಮಲಗುಕೋಣೆಯ ಅಂಟುಮನೆ ತೆಗೆದುಕೊಳ್ಳಿ. 76 ಗುಣಿಸು 11, ಅಂದರೆ ವರ್ಷಕ್ಕೆ 836 ಕಿಲೋ. ಮೂವತ್ತು ವರ್ಷಕ್ಕೆ 25 ಟನ್. ಸಮಾಲೋಚನೆಯಲ್ಲಿದ್ದ ಮಧ್ಯದ ದರ ಟನ್ನಿಗೆ 60 ಪೌಂಡ್. ಒಟ್ಟು ಸುಮಾರು 1,500 ಪೌಂಡ್, ಒಂದೇ ಸಲ ಕಟ್ಟುವುದು. ಗೋಡೆ, ಸೋಲಾರ್ ಎಲ್ಲ ಸೇರಿಸಿದರೂ ಇಂಥ ಮನೆಯ ಹೆಚ್ಚುವರಿ ಖರ್ಚು 5,000 ಪೌಂಡಿನೊಳಗೆ ಎಂಬುದು 2014ರ ಹೊತ್ತಿನ ಉದ್ಯಮದ ಲೆಕ್ಕವಾಗಿತ್ತು.

ಆ ಹಣ ಯಾರದು

ಚರ್ಚೆಯಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಕಟ್ಟುವ ಖರ್ಚು 4,000 ಪೌಂಡ್ ಏರಿದರೆ ಮನೆಯ ಬೆಲೆ 4,000 ಏರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಆದರೆ ಹೊಸ ಮನೆಯ ಬೆಲೆಯನ್ನು ನಿಗದಿ ಮಾಡುವುದು ಅದೇ ಊರಿನ ಹಳೆ ಮನೆಗಳ ಬೆಲೆ. ಬಿಲ್ಡರ್ ತನ್ನಿಷ್ಟದಂತೆ ಏರಿಸಲಾರ. ಅವನು ಲೆಕ್ಕ ಹಾಕುವುದು ಹಿಂದಿನಿಂದ ಮುಂದಕ್ಕೆ: ಮಾರಾಟದ ಒಟ್ಟು ಮೊತ್ತದಿಂದ ಕಟ್ಟುವ ಖರ್ಚು, ಬಡ್ಡಿ, ಲಾಭ, ಸ್ಥಳೀಯ ಸಂಸ್ಥೆಗೆ ಕೊಡುವ ಪಾಲು ಕಳೆದು ಉಳಿದಿದ್ದನ್ನು ಜಮೀನಿನವನಿಗೆ ಕೊಡುತ್ತಾನೆ. ನೂರು ಮನೆಯ ನಿವೇಶನದಲ್ಲಿ ಜಮೀನಿಗೆ 50 ಲಕ್ಷ ಪೌಂಡ್ ಉಳಿಯುತ್ತಿದ್ದರೆ, ಮನೆಗೆ 4,000 ಪೌಂಡಿನ ಹೊಸ ನಿಯಮ ಬಂದಾಗ ಅದು 46 ಲಕ್ಷವಾಗುತ್ತದೆ. ಹೊಲವಾಗಿದ್ದಾಗ ಅದರ ಬೆಲೆ ಇದರ ಸಣ್ಣ ಭಾಗವಷ್ಟೇ. 46 ಲಕ್ಷಕ್ಕೂ ರೈತ ಮಾರುತ್ತಾನೆ.

ಷರತ್ತು ಒಂದೇ. ಜಮೀನಿನ ದರ ಕುದುರುವ ಮೊದಲು ನಿಯಮ ಗೊತ್ತಿರಬೇಕು, ಮತ್ತು ಅದು ಬಂದೇ ಬರುತ್ತದೆ ಎಂಬ ನಂಬಿಕೆ ಇರಬೇಕು. ಇಂಗ್ಲೆಂಡಿನ ದೊಡ್ಡ ಬಿಲ್ಡರುಗಳು ಜಮೀನಿನ ಮೇಲೆ ವರ್ಷಗಟ್ಟಲೆ ಮುಂಚೆ ‘ಆಪ್ಷನ್’ ಕರಾರು ಮಾಡಿಕೊಂಡು, ಯೋಜನಾ ಅನುಮತಿ ಬಂದಾಗ ಅಂದಿನ ದರದಲ್ಲಿ ಸ್ವಲ್ಪ ಕಡಿತದೊಂದಿಗೆ ಕೊಳ್ಳುತ್ತಾರೆ. 2016ರ ನಿಯಮವನ್ನು ನಂಬಿ ಕಡಿಮೆ ದರಕ್ಕೆ ಕೊಂಡವನಿಗೆ 2015ರ ರದ್ದತಿ ಬಯಸದೇ ಬಂದ ಲಾಭ. ನಿಯಮ ಬರಲಾರದು ಎಂದು ಬಾಜಿ ಕಟ್ಟಿ ಹೆಚ್ಚಿನ ದರ ಕೊಟ್ಟವನೂ ಗೆದ್ದ. ತರಬೇತಿಗೆ, ಹೊಸ ಗೋಡೆ ಪದ್ಧತಿಗೆ, ಕಾರ್ಖಾನೆಗೆ ಹಣ ಹಾಕಿದವರು ಸೋತರು. ಮುಂದಿನ ನಿಯಮವನ್ನು ಜಮೀನಿನ ದರದಲ್ಲಿ ಹಿಡಿಯದಿರಲು ಇದಕ್ಕಿಂತ ಬಲವಾದ ಪಾಠ ಬೇರೆ ಬೇಕಿಲ್ಲ.

ಒಂದು ವಿನಾಯಿತಿ ಒಪ್ಪಲೇಬೇಕು. ಮನೆ ಬೆಲೆ ತೀರಾ ಕಡಿಮೆಯಿರುವ ಉತ್ತರದ ಹಳೆಯ ಕೈಗಾರಿಕಾ ಊರುಗಳಲ್ಲಿ, ಮಣ್ಣು ಶುದ್ಧಿ ಮಾಡಬೇಕಾದ ಹಳೆ ಕಾರ್ಖಾನೆ ಜಾಗಗಳಲ್ಲಿ ಜಮೀನಿಗೆ ಉಳಿಯುವ ಮೊತ್ತವೇ ಸೊನ್ನೆಯ ಹತ್ತಿರ ಇರುತ್ತದೆ. ಅಲ್ಲಿ 4,000 ಪೌಂಡ್ ಇಡೀ ಯೋಜನೆಯನ್ನು ನಿಲ್ಲಿಸಬಹುದು. ಅದಕ್ಕೆ ಮದ್ದು ಆ ಜಾಗಗಳಿಗೆ ಅನುದಾನ, ದೇಶಕ್ಕೆಲ್ಲ ರದ್ದತಿಯಲ್ಲ.

ಸಂಖ್ಯೆ ಏರಿದ್ದು ಏಕೆ, ಇಳಿದಿದ್ದು ಏಕೆ

ಇಂಗ್ಲೆಂಡಿನ ವಸತಿಗೆ ವರ್ಷಕ್ಕೆ ಸೇರುವ ನಿವ್ವಳ ಮನೆಗಳು 2007–08ರಲ್ಲಿ 2 ಲಕ್ಷ ದಾಟಿದ್ದವು. 2012–13ರಲ್ಲಿ ಸುಮಾರು 1.25 ಲಕ್ಷಕ್ಕೆ ಕುಸಿದವು. ಕಾರಣ ಪಾರ್ಟ್ ಎಲ್ ಅಲ್ಲ. 2008ರ ಬ್ಯಾಂಕ್ ಬಿಕ್ಕಟ್ಟಿನ ನಂತರ ಗೃಹಸಾಲ ಸಿಗದೆ ಕೊಳ್ಳುವವರೇ ಇರಲಿಲ್ಲ. 2013ರ ಏಪ್ರಿಲಿನಲ್ಲಿ ‘ಹೆಲ್ಪ್ ಟು ಬೈ’ ಬಂತು: ಕೊಳ್ಳುವವರು ಶೇ. 5 ಹಾಕಿದರೆ ಸರ್ಕಾರ ಶೇ. 20 ಸಾಲ ಕೊಡುತ್ತಿತ್ತು, ಹೊಸ ಮನೆಗೆ ಮಾತ್ರ. ಕಚೇರಿಗಳನ್ನು ಪೂರ್ಣ ಯೋಜನಾ ಅನುಮತಿಯಿಲ್ಲದೆ ಫ್ಲ್ಯಾಟು ಮಾಡಲೂ ಅದೇ ವರ್ಷ ಅವಕಾಶವಾಯಿತು. 2014–15ಕ್ಕೆ ಸಂಖ್ಯೆ 1.7 ಲಕ್ಷ. ಈ ಏರಿಕೆ ನಡೆದದ್ದು ಪಾರ್ಟ್ ಎಲ್ ಬಿಗಿಯಾದ ವರ್ಷಗಳಲ್ಲಿ, ಶೂನ್ಯ ಕಾರ್ಬನ್ ನಿಯಮ ಇನ್ನೂ ಜೀವಂತವಿದ್ದಾಗ. ರದ್ದತಿಯ ನಂತರವೂ ಏರಿ 2019–20ರಲ್ಲಿ 2.4 ಲಕ್ಷ ದಾಟಿತು ನಿಜ; ಆದರೆ ಏರುವ ಹಾದಿ ಮೊದಲೇ ಹಿಡಿದಾಗಿತ್ತು.

ದೊಡ್ಡ ನಿವೇಶನಗಳು ನಿಧಾನವಾಗಿ ತುಂಬುವುದೇಕೆ ಎಂದು ತಿಳಿಯಲು ಸರ್ಕಾರವೇ ಸಂಸದ ಆಲಿವರ್ ಲೆಟ್ವಿನ್ ಅವರನ್ನು ನೇಮಿಸಿತ್ತು. 2018ರ ಅವರ ವರದಿಯ ಉತ್ತರ ಮಾರಾಟದ ವೇಗದ ಕಡೆಗೆ ಬೊಟ್ಟು ಮಾಡುತ್ತದೆ: ಸುತ್ತಲ ಬೆಲೆ ಬೀಳದಂತೆ ತಿಂಗಳಿಗೆ ಎಷ್ಟು ಮನೆ ಮಾರಬಹುದೋ ಅಷ್ಟೇ ಕಟ್ಟುತ್ತಾರೆ. ಅವರು ನೋಡಿದ ದೊಡ್ಡ ನಿವೇಶನಗಳು ಪೂರ್ತಿಯಾಗಲು ಬೇಕಾಗುವ ಕಾಲದ ನಡುಮಟ್ಟ 15.5 ವರ್ಷ. ಗೋಡೆಯ ದಪ್ಪ ಹೆಚ್ಚಿಸಿದರೂ ಇಳಿಸಿದರೂ ಈ ವೇಗ ಬದಲಾಗುವುದಿಲ್ಲ.

ಲಂಡನ್ ನಗರ ತನ್ನ ಯೋಜನಾ ಅಧಿಕಾರ ಬಳಸಿ 2016ರ ಅಕ್ಟೋಬರಿನಿಂದ ಹತ್ತು ಮನೆ ಮತ್ತು ಮೇಲ್ಪಟ್ಟ ಯೋಜನೆಗಳಿಗೆ ಶೂನ್ಯ ಕಾರ್ಬನ್ ಷರತ್ತನ್ನು ಉಳಿಸಿಕೊಂಡಿತು: ನಿವೇಶನದಲ್ಲೇ ಕನಿಷ್ಠ ಶೇ. 35 ಇಳಿಕೆ, ಉಳಿದದ್ದಕ್ಕೆ ಟನ್ನಿಗೆ 60 ಪೌಂಡಿನಂತೆ ಮೂವತ್ತು ವರ್ಷದ್ದು, ಅಂದರೆ ವಾರ್ಷಿಕ ಒಂದು ಟನ್ನಿಗೆ 1,800 ಪೌಂಡ್. ಆಮೇಲೆ ದರ 95ಕ್ಕೇರಿ 2,850 ಆಯಿತು. ದುಬಾರಿ ಜಮೀನಿನ ಊರು ಈ ಖರ್ಚನ್ನು ತಡೆದುಕೊಂಡಿತು.

ಪಾಯ ತೋಡಿ ಹಳೆ ನಿಯಮ ಕಾಯ್ದಿರಿಸುವುದು

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿಯೊಂದಿದೆ. ಹೊಸ ನಿಯಮ ಬಂದ ದಿನದಿಂದ ಎಲ್ಲ ಮನೆಗಳಿಗೂ ಅದು ಅನ್ವಯಿಸುವುದಿಲ್ಲ. 2014ರಲ್ಲಿ ಇದ್ದ ಕ್ರಮ ಹೀಗೆ: ಏಪ್ರಿಲ್ 6ರ ಮೊದಲು ಕಟ್ಟಡ ನಿಯಂತ್ರಣದವರಿಗೆ ನೋಟಿಸ್ ಅಥವಾ ನಕ್ಷೆ ಸಲ್ಲಿಸಿ, ಒಂದು ವರ್ಷದೊಳಗೆ ನಿವೇಶನದಲ್ಲಿ ಎಲ್ಲಿಯಾದರೂ ಕೆಲಸ ಆರಂಭಿಸಿದರೆ ಆ ನೋಟಿಸಿನಲ್ಲಿರುವ ಅಷ್ಟೂ ಮನೆಗಳಿಗೆ ಹಳೆ ನಿಯಮ. ಮೂರು ಮನೆಯ ಪಾಯ ತೋಡಿ ಕಾಂಕ್ರೀಟು ಹಾಕಿದರೆ ಮುನ್ನೂರು ಮನೆಗೆ ರಕ್ಷಣೆ. ಹತ್ತು ಹದಿನೈದು ವರ್ಷ ಹಿಡಿಯುವ ನಿವೇಶನದಲ್ಲಿ ಕೊನೆಯ ಮನೆ ಕೈಗೆ ಬರುವಾಗ ಅದರ ನಿಯಮ ಎರಡು ತಲೆಮಾರು ಹಿಂದಿನದಾಗಿರುತ್ತದೆ.

2021ರ ಪಾರ್ಟ್ ಎಲ್ ಈ ಕಿಂಡಿ ಮುಚ್ಚಿತು, ಅದು ಆ ತಿದ್ದುಪಡಿಯ ಅತ್ಯುತ್ತಮ ಭಾಗ ಎಂದೇ ಹೇಳಬೇಕು. 2022ರ ಜೂನ್ 15ರ ಮೊದಲು ನೋಟಿಸ್, ಮತ್ತು 2023ರ ಜೂನ್ 15ರೊಳಗೆ *ಆಯಾ ಮನೆಯ* ಕೆಲಸ ಆರಂಭ. ಇಲ್ಲದಿದ್ದರೆ ಹೊಸ ನಿಯಮ.

ಗೋಡೆಯೊಳಗೆ ಆಗುವ ತಪ್ಪು

ಕಾಗದದ ಮೇಲಿನ ಶೇಕಡಾವಾರು ನಿವೇಶನದಲ್ಲಿ ಕರಗುವುದು ಸಾಮಾನ್ಯ. ನಕ್ಷೆಯಲ್ಲಿ ಗೋಡೆಯ ಯು-ವ್ಯಾಲ್ಯೂ, ಅಂದರೆ ಗೋಡೆಯ ಮೂಲಕ ಶಾಖ ದಾಟಿಹೋಗುವ ಪ್ರಮಾಣ, 0.18 ಎಂದಿರುತ್ತದೆ. ಎರಡು ಗೋಡೆಗಳ ನಡುವಿನ ಸಂದಿನಲ್ಲಿ ಇಡುವ 100 ಮಿಲಿಮೀಟರಿನ ಗಟ್ಟಿ ಫೋಮ್ ಹಲಗೆ ಒಳಗೋಡೆಗೆ ಬಿಗಿಯಾಗಿ ಕೂತರೆ ಮಾತ್ರ ಆ ಲೆಕ್ಕ ಸರಿ. ಬ್ಲಾಕಿನ ಸಂದಿನಿಂದ ಹೊರಚಾಚಿದ ಗಾರೆಯನ್ನು ಕೆರೆಯದೆ ಬಿಟ್ಟರೆ ಹಲಗೆ ಒಂದು ಸೆಂಟಿಮೀಟರ್ ದೂರ ನಿಲ್ಲುತ್ತದೆ, ತಣ್ಣನೆ ಗಾಳಿ ಅದರ ಹಿಂದೆ ಸುತ್ತುತ್ತದೆ. ಕಿಟಕಿಯ ಮೇಲಿನ ಉಕ್ಕಿನ ಲಿಂಟಲ್, ಸೂರಿನ ಅಂಚಿನಲ್ಲಿ ಕೈ ಎಟುಕದೆ ಬಿಟ್ಟುಹೋದ ಇನ್ಸುಲೇಷನ್, ಅಟ್ಟದ ಬಾಗಿಲು ಕೂಡ ಹಾಗೆಯೇ.

ಗಾಳಿ ಸೋರಿಕೆಯ ಜಾಗಗಳನ್ನು ಮೊದಲೇ ಊಹಿಸಬಹುದು: ಸ್ನಾನದ ತೊಟ್ಟಿಯ ಹಿಂದೆ, ಅಡುಗೆಮನೆ ಕಪಾಟಿನ ಹಿಂದೆ ಪೈಪು ಗೋಡೆ ದಾಟುವ ತೂತು, ಛಾವಣಿಯಲ್ಲಿ ಕೊರೆದ ದೀಪದ ಗುಳಿಗಳು. ಪ್ಲಾಸ್ಟರ್‌ಬೋರ್ಡನ್ನು ಅಂಟಿನ ಚುಕ್ಕೆಗಳ ಮೇಲೆ ಹಚ್ಚುತ್ತಾರೆ. ಅಂಚಿನ ಸುತ್ತ ಅಂಟಿನ ಅಖಂಡ ಪಟ್ಟಿ ಎಳೆಯದಿದ್ದರೆ ಬೋರ್ಡಿನ ಹಿಂದೆ ಮನೆಯಿಡೀ ಗಾಳಿ ಓಡಾಡುತ್ತದೆ. 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ ಚದರ ಮೀಟರಿಗೆ 10 ಘನ ಮೀಟರ್ ಸೋರಿಕೆ ಹಳೆಯ ಮಿತಿ, 2021ರ ನಿಯಮದಲ್ಲಿ 8. ಒಳ್ಳೆಯ ಮನೆ 5ಕ್ಕಿಂತ ಕೆಳಗಿರುತ್ತದೆ. ಮೊದಲು ಮಾದರಿಗೆ ಕೆಲವೇ ಮನೆಗಳ ಪರೀಕ್ಷೆ ನಡೆಯುತ್ತಿತ್ತು. ಈಗ ಪ್ರತಿ ಮನೆಗೂ ಪರೀಕ್ಷೆ, ಮುಚ್ಚಿಹೋಗುವ ಮೊದಲು ಪಾಯ, ಗೋಡೆ, ಛಾವಣಿಯ ಫೋಟೊ ಕಡ್ಡಾಯ.

ಬಿಗಿಯಾದ ಮನೆಗೆ ಶಾಖ ಹಿಡಿದಿಟ್ಟು ಗಾಳಿ ಬದಲಿಸುವ ಯಂತ್ರ ಬೇಕಾಗುತ್ತದೆ. ಅಲ್ಲಿಯೂ ಕೆಡುವುದು ಯಂತ್ರವಲ್ಲ, ಕೊಳವೆ: ಮಡಿಚಿ ಹಿಸುಕಿದ ಬಳುಕುವ ಕೊಳವೆ, ತಣ್ಣನೆ ಅಟ್ಟದಲ್ಲಿ ಹೊದಿಕೆಯಿಲ್ಲದೆ ಎಳೆದ ಕೊಳವೆ, ಕೋಣೆವಾರು ಗಾಳಿ ಅಳೆದು ಸರಿಹೊಂದಿಸದೆ ಬಿಟ್ಟ ಬಾಯಿಗಳು. ಸದ್ದಿಗೆ ಬೇಸತ್ತು ಮನೆಯವರು ಆರಿಸಿಬಿಡುತ್ತಾರೆ, ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಇವೆಲ್ಲ ಕಲಿಯಬೇಕಾದ ಕೈಕೆಲಸ, ಕಲಿಯಲು ವರ್ಷಗಳು ಬೇಕು. ಈ ಗುರಿಗೆ ಉದ್ಯಮವನ್ನು ಸಜ್ಜುಗೊಳಿಸಲು 2008ರಲ್ಲಿ ಹುಟ್ಟಿದ ಝೀರೋ ಕಾರ್ಬನ್ ಹಬ್ ಎಂಬ ಸಂಸ್ಥೆ 2016ರ ಮಾರ್ಚಿನಲ್ಲಿ ಬಾಗಿಲು ಹಾಕಿತು. ರದ್ದತಿಯ ಅತಿ ದೊಡ್ಡ ನಷ್ಟ ಇದೇ.

ಬಿಲ್ಲು ಬಂದದ್ದು ಯಾರಿಗೆ

2019ರಲ್ಲಿ ಬ್ರಿಟನ್ 2050ರ ನಿವ್ವಳ ಶೂನ್ಯ ಗುರಿಯನ್ನು ಕಾನೂನು ಮಾಡಿತು. ಅದೇ ವರ್ಷದ ಮಾರ್ಚಿನಲ್ಲಿ ಹಣಕಾಸು ಸಚಿವ ಫಿಲಿಪ್ ಹ್ಯಾಮಂಡ್ ‘ಫ್ಯೂಚರ್ ಹೋಮ್ಸ್ ಸ್ಟ್ಯಾಂಡರ್ಡ್’ ಘೋಷಿಸಿದರು: 2025ರಿಂದ ಹೊಸ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಇರಬಾರದು ಎಂಬುದು ಅಂದಿನ ಗುರಿ. ಮಧ್ಯಂತರ ಹೆಜ್ಜೆಯಾಗಿ ಬಂದ 2021ರ ಪಾರ್ಟ್ ಎಲ್ ಶೇ. 31 ಇಳಿಕೆ ತಂದಿತು. 2016ಕ್ಕೆ ಬರಬೇಕಿದ್ದ ಕೆಲಸ ಆರು ವರ್ಷ ತಡವಾಗಿ, ಅರೆಬರೆಯಾಗಿ ಬಂದಂತಾಯಿತು. ನಡುವೆ ಕಟ್ಟಿದ ಲಕ್ಷಗಟ್ಟಲೆ ಮನೆಗಳು ಗ್ಯಾಸಿನವು, 2022ರ ಗ್ಯಾಸ್ ಬೆಲೆ ಏರಿಕೆಯ ಹೊಡೆತ ತಿಂದವು.

ಸರ್ಕಾರಕ್ಕೆ ಸಲಹೆ ಕೊಡುವ ಹವಾಮಾನ ಬದಲಾವಣೆ ಸಮಿತಿ 2019ರ ಫೆಬ್ರವರಿಯಲ್ಲಿ ಕೊಟ್ಟ ಲೆಕ್ಕ ಸ್ಪಷ್ಟವಾಗಿದೆ. ಕಟ್ಟುವಾಗಲೇ ಅತ್ಯುತ್ತಮ ಗೋಡೆ ಮತ್ತು ಹೀಟ್ ಪಂಪ್ (ಹೊರಗಾಳಿಯ ಶಾಖವನ್ನು ಒಳಗೆಳೆದು ಮನೆ ಕಾಯಿಸುವ ವಿದ್ಯುತ್ ಯಂತ್ರ) ಹಾಕಿದರೆ ಹೆಚ್ಚುವರಿ 4,800 ಪೌಂಡ್. ಅದೇ ಮನೆಯನ್ನು ಆಮೇಲೆ ಆ ಮಟ್ಟಕ್ಕೆ ತರಲು 26,300. ಐದು ಪಟ್ಟಿಗೂ ಹೆಚ್ಚಿನ ಈ ಅಂತರ ಎಲ್ಲಿಂದ ಬರುತ್ತದೆ ಎಂದರೆ, ಹೀಟ್ ಪಂಪಿನ ನೀರು 45–50 ಡಿಗ್ರಿಯಷ್ಟೇ ಬಿಸಿ, ಹಾಗಾಗಿ ಬಾಯ್ಲರಿಗೆ ಹೊಂದಿಸಿದ ಚಿಕ್ಕ ರೇಡಿಯೇಟರುಗಳನ್ನು ಬದಲಿಸಬೇಕು. 10 ಮಿಲಿಮೀಟರಿನ ಸಣ್ಣ ಪೈಪುಗಳಲ್ಲಿ ಸಾಕಷ್ಟು ನೀರು ಹರಿಯದು, ನೆಲ ಕಿತ್ತು ಹೊಸದಾಗಿ ಎಳೆಯಬೇಕು. ತಕ್ಷಣ ನೀರು ಕಾಯಿಸುವ ಕಾಂಬಿ ಬಾಯ್ಲರಿನ ಮನೆಯಲ್ಲಿ 150–200 ಲೀಟರಿನ ಬಿಸಿನೀರಿನ ಸಿಲಿಂಡರಿಗೆ ಬೀರುವಿನಷ್ಟು ಜಾಗವೇ ಬಿಟ್ಟಿರುವುದಿಲ್ಲ. ಮುಗಿದ ಗೋಡೆಗೆ ಇನ್ಸುಲೇಷನ್ ಸೇರಿಸುವುದಂತೂ ಇನ್ನೊಂದು ಕಾಮಗಾರಿ. ಬಿಲ್ಡರಿಗೂ ಜಮೀನಿನವನಿಗೂ ಉಳಿದ 4,800, ಮನೆ ಕೊಂಡವರ ಮೇಲೆ 26,300 ಆಗಿ ನಿಂತಿದೆ.

2024ರಲ್ಲಿ ಬಂದ ಲೇಬರ್ ಸರ್ಕಾರದ ಗುರಿ ಸಂಸತ್ತಿನ ಒಂದು ಅವಧಿಯಲ್ಲಿ 15 ಲಕ್ಷ ಮನೆ, ಅಂದರೆ ವರ್ಷಕ್ಕೆ 3 ಲಕ್ಷ. ಬಹುತೇಕ ಹೊಸ ಮನೆಗಳಿಗೆ ಸೋಲಾರ್ ಬೇಕೆಂದು 2025ರ ಜೂನಿನಲ್ಲಿ ಅದೇ ಸರ್ಕಾರ ಹೇಳಿತು. ಛಾವಣಿ ಹೊದಿಸಲು ಸಾರುವೆ ಕಟ್ಟಿರುವಾಗಲೇ ಫಲಕ ಕೂರಿಸುವುದು ಅಗ್ಗ, ಹೆಂಚಿನ ಖರ್ಚೂ ಸ್ವಲ್ಪ ಉಳಿಯುತ್ತದೆ. ಮಾತು ಬದಲಾಗದಿದ್ದರೆ ಇದೂ ಜಮೀನಿನ ದರದಲ್ಲಿ ಸೇರಿಹೋಗುವ ಖರ್ಚೇ.

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಹೊಸ ಬಡಾವಣೆಯಲ್ಲಿ ಮನೆ ನೋಡುತ್ತಿರುವ ಕನ್ನಡಿಗರು ಮುಂಗಡ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ: ಈ ಮನೆ ಯಾವ ವರ್ಷದ ಪಾರ್ಟ್ ಎಲ್ ಪ್ರಕಾರ ಕಟ್ಟಿದ್ದು? ಮಾರಾಟದ ಕಚೇರಿಯವರು ‘ಎ’ ಅಥವಾ ‘ಬಿ’ ದರ್ಜೆಯ ಇಂಧನ ಪ್ರಮಾಣಪತ್ರ ತೋರಿಸುತ್ತಾರೆ, ಅಷ್ಟಕ್ಕೇ ನಿಲ್ಲಬೇಡಿ. ಆ ಮನೆಯದೇ ಗಾಳಿ ಸೋರಿಕೆಯ ಪರೀಕ್ಷಾ ಅಂಕಿ, 2021ರ ನಿಯಮದ್ದಾದರೆ ಗೋಡೆ ಮುಚ್ಚುವ ಮುಂಚಿನ ಫೋಟೊಗಳಿರುವ ವರದಿ, ಗಾಳಿ ಬದಲಿಸುವ ಯಂತ್ರವಿದ್ದರೆ ಕೋಣೆವಾರು ಅಳತೆಯ ಹಾಳೆ ಕೇಳಿ. ಗ್ಯಾಸ್ ಬಾಯ್ಲರಿನ ಮನೆಯಾದರೆ ಸಿಲಿಂಡರಿಗೆ ಜಾಗ ಎಲ್ಲಿ, ಪೈಪು ಎಷ್ಟು ಮಿಲಿಮೀಟರಿನದು, ರೇಡಿಯೇಟರುಗಳನ್ನು ಯಾವ ಉಷ್ಣತೆಗೆ ಲೆಕ್ಕ ಹಾಕಿದ್ದಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. 2021ರ ಪಾರ್ಟ್ ಎಲ್ ಹೊಸ ಮನೆಗಳ ಕಾಯಿಸುವ ವ್ಯವಸ್ಥೆಯನ್ನು 55 ಡಿಗ್ರಿಗೆ ಅಥವಾ ಅದಕ್ಕೂ ಕೆಳಗೆ ವಿನ್ಯಾಸ ಮಾಡಲು ಹೇಳುತ್ತದೆ; ಉತ್ತರ 70 ಡಿಗ್ರಿ ಎಂದು ಬಂದರೆ ಅದು ಹಳೆ ನೋಟಿಸಿನ ಮನೆ ಇರಬಹುದು, ಬೆಲೆ ಕುದುರಿಸುವಾಗ ಮುಂದಿನ ಬದಲಾವಣೆಯ ಖರ್ಚನ್ನು ಕಳೆದೇ ಮಾತಾಡಿ.